ವಸ್ತಿ ಬಸ್ಸಿನಲ್ಲಿ ಬಂದ ರಾಣಿ

ನಮ್ಮ ಮನೆಯವರು ಬಸ್ಸಿನ ಕಂಡಕ್ಟರ್. ಮದುವೆಯಾದ ಮೇಲೆ ವರ್ಷಗಟ್ಟಲೆ ಅವರಿಗೆ ಡಂಬಳದ ವಸ್ತಿ ಗಾಡಿಯೇ ಗಂಟುಬಿದ್ದಿತ್ತು. ಸಂಜೆ ಶಿರಹಟ್ಟಿಯಿಂದ ಹೊರಟು, ಮುಂಡರಗಿ ಹಾಯ್ದು, ಡಂಬಳದಲ್ಲಿ ಬಸ್ಸಿನೊಳಗೇ ಮಲಗಿ, ಬೆಳಿಗ್ಗೆ ಅದೇ ದಾರಿ ಹಿಡಿದು ಬರುವುದು. ಬಂದವರು ಸ್ನಾನ ಮಾಡಿ, ಉಂಡು, ಮಲಗುತ್ತಿದ್ದರು. ಎದ್ದಾಗ ಮತ್ತೆ ಖಾಕಿ ಅಂಗಿ ತೊಡುವ ಹೊತ್ತಾಗಿರುತ್ತಿತ್ತು. ಹೀಗಾಗಿ ನಾವಿಬ್ಬರೂ ಒಟ್ಟಿಗೆ ಎಚ್ಚರವಾಗಿರುತ್ತಿದ್ದದ್ದು ರೊಟ್ಟಿ ಬಡಿದು, ಬೇಯಿಸಿ, ಬಡಿಸುವಷ್ಟು ಹೊತ್ತು ಮಾತ್ರ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಅತ್ತೆ ತೀರಿಕೊಂಡಿದ್ದರು. ನನ್ನ ಎರಡು ಬಸಿರು ನಿಲ್ಲದೆ ಹೋಗಿದ್ದವು. ಎರಡನೆಯದು ಹೋದ ಮೇಲೆ ನಮ್ಮ ಮನೆಯವರು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಒಂದು ಮಾತನ್ನು ಬಿಟ್ಟು ನಡೆಯಲು ಹೋಗಿ ಉಳಿದ ಮಾತುಗಳೂ ಬಿಟ್ಟುಹೋದವು.

"ಊಟಕ್ಕ ಹಾಕ್ಲೇನ್ರಿ?"

"ಹಾಕು."

"ಅಂಗಿ ಗುಂಡಿ ಹಚ್ಚಿಟ್ಟೇನಿ."

"ಹೂಂ."

ಅವರು ಕೆಟ್ಟವರಲ್ಲ. ಕುಡಿದು ಬಂದವರಲ್ಲ, ಕೈ ಎತ್ತಿದವರಲ್ಲ. ಸಂಜೆ ದೀಪ ಹಚ್ಚಿ ಕೂತಾಗ ಆ ದಿನ ನನಗಾದ ಒಳ್ಳೆಯದನ್ನೆಲ್ಲ ಶಿವನಿಗೆ ಹೇಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳಕ್ಕೆ ನೀರು ಬಂತು, ಬೆರಳಿನ ಸುಟ್ಟ ಗಾಯ ಒಣಗಿತು, ಬಸ್ಸು ಎಲ್ಲೂ ಕೆಡದೆ ಬಂತು. ಹೇಳಿ ಮುಗಿದ ಮೇಲೆ ಮನೆಯಲ್ಲಿ ಇನ್ನೊಂದು ದನಿ ಇರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಜಾರಿ ಬಿದ್ದರೂ ಎದೆ ಧಸಕ್ಕೆನ್ನುತ್ತಿತ್ತು.

ಆಗ ನಮ್ಮ ಓಣಿಯ ಮಹಿಳಾ ಮಂಡಳಕ್ಕೆ ಸರ್ಕಾರದಿಂದ ಒಂದು ಜೇನುಪೆಟ್ಟಿಗೆ ಬಂತು. ಹುಳಗಳ ಸಮೇತ ಬಂದಿದ್ದ ಅದನ್ನು ಕಂಡು ಹೆಂಗಸರೆಲ್ಲ ಸೆರಗು ಮುಚ್ಚಿಕೊಂಡು ಹೊರಗೆ ಓಡಿದರು. ಎಲ್ಲರ ಮನೆಯಲ್ಲೂ ಸಣ್ಣ ಮಕ್ಕಳು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ನಿಮ್ಮ ಮನ್ಯಾಗ ಕಡಿಸ್ಕೊಳ್ಳಾಕ ಯಾರದಾರ ಬಿಡ್ರಿ" ಎಂದಳು ಒಬ್ಬಾಕೆ. ಅವಳು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಅಂದದ್ದಲ್ಲ. ನಾನು ಒಪ್ಪಿಕೊಂಡೆ.

ಪೆಟ್ಟಿಗೆ ಇಡಲು ಗದಗಿನಿಂದ ಬಂದ ಅಧಿಕಾರಿಯನ್ನು ನಾವು ಜೇನಿನ ಸಾಹೇಬರು ಎನ್ನುತ್ತಿದ್ದೆವು. ಹಿತ್ತಲಿನ ನುಗ್ಗೆ ಗಿಡದ ಪಕ್ಕ ಕಟ್ಟಿಗೆಯ ಕಾಲುಮಣೆ ನಿಲ್ಲಿಸಿ, ಇರುವೆ ಹತ್ತದಂತೆ ಕಾಲುಗಳಿಗೆಲ್ಲ ನೀರಿನ ಬಟ್ಟಲಿಟ್ಟು, ಮೇಲೆ ಪೆಟ್ಟಿಗೆ ಕೂರಿಸಿದರು.

"ಅವ್ವಾರ, ಇವು ಹೆದರಿದ್ರೂ ಕಡೀತಾವ, ನೀವು ಹೆದರಿದ್ರೂ ಕಡೀತಾವ" ಎಂದರು. "ಹಿಂಗಾಗಿ ಇಬ್ಬರೂ ಹೆದರಬಾರ್ದು ನೋಡ್ರಿ."

ಮೊದಲ ತಿಂಗಳು ಕಡಿಸಿಕೊಂಡೆ. ಆಮೇಲೆ ಹೊಗೆ ಎಷ್ಟು ಹಿಡಿಯಬೇಕು, ಚೌಕಟ್ಟನ್ನು ಹೇಗೆ ಎತ್ತಬೇಕು ಎಂಬುದು ಕೈಗೆ ಬಂತು. ಹೊರಗಿನ ಹೊಲಗಳಲ್ಲಿ ಕುಸುಬಿ ಹೂ ಬಿಟ್ಟಾಗ ಪೆಟ್ಟಿಗೆ ಭರ್ತಿಯಾಯಿತು. ಚೌಕಟ್ಟಿನ ಮೇಣದ ಎರಿಗಳ ಎರಡೂ ಮೈ ಕಾಣದಷ್ಟು ಹುಳ. ಮುಂಜಾನೆ ಇಷ್ಟಲಿಂಗ ಪೂಜೆ ಮುಗಿಸಿ ಹಿತ್ತಲ ಬಾಗಿಲು ತೆರೆದರೆ ಸಾಕು, ಆ ಗುಂಯ್‍ಗುಟ್ಟುವ ಸಪ್ಪಳ ಮನೆಯೊಳಗೆ ಬಂದು ತುಂಬಿಕೊಳ್ಳುತ್ತಿತ್ತು. ನಾನು ಅಕ್ಕಿ ಆರಿಸುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು ಎಲ್ಲ ಅಲ್ಲೇ. ಅವುಗಳಿಗೆ ನನ್ನ ಹಂಗಿರಲಿಲ್ಲ, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಆದರೂ ಒಂದು ತುಂಬಿದ ಮನೆಯ ಪಕ್ಕ ಕೂತಂತೆ ಇರುತ್ತಿತ್ತು.

ಪಕ್ಕದ ಮನೆಯವರು ಹತ್ತಿ ಹಿಂಜಿ ಗಾದಿ ಮಾಡುವ ಮುಸ್ಲಿಮರು. ಆ ಮನೆಯ ಹಿರಿಯಾಕೆಯನ್ನು ನಾನು ಚಾಚಿ ಅನ್ನುತ್ತಿದ್ದೆ. ನಡುವಿನ ಗೋಡೆ ಕುಸಿದು ಎದೆಯೆತ್ತರ ಉಳಿದಿತ್ತು. ಅದರ ಮೇಲೆ ಮೊಳಕೈ ಊರಿ ಚಾಚಿ ನನ್ನನ್ನು ಕಾಡುತ್ತಿದ್ದಳು.

"ಬೇಟಿ, ನಿನ್ನ ಗಂಡ ಗಾಡ್ಯಾಗ, ನಿನ್ನ ಹುಳ ಹೂವಿನ್ಯಾಗ. ಒಬ್ಬಾಕೀನ ತುಟಿ ಅಲಗಾಡಸ್ತೀಯಲ್ಲ, ಯಾರ ಜೋಡಿ ಮಾತು?"

"ಶಿವನ ಜೋಡಿ, ಚಾಚಿ."

"ಆತು ಬಿಡು. ಅವನಾದ್ರೂ ಹೂಂ ಅಂತಾನೋ, ಅವನೂ ನಿನ್ನ ಗಂಡನಂಗೋ?"

ಕುಸುಬಿ ಹೂವಿನ ಭರದಲ್ಲೇ ಸಾಹೇಬರು ಇನ್ನೊಮ್ಮೆ ಬಂದರು. ಒಂದು ಚೌಕಟ್ಟು ಎತ್ತಿ, ಎರಿಯ ಕೆಳಗಿನ ಅಂಚು ತೋರಿಸಿದರು. ಅಲ್ಲಿ ಶೇಂಗಾಕಾಯಿ ತಲೆಕೆಳಗಾಗಿ ಜೋತುಬಿದ್ದ ಹಾಗೆ ಒಂದೆರಡು ಮೇಣದ ಗೂಡುಗಳಿದ್ದವು.

"ಇವು ರಾಣಿಗೂಡು. ಹುಳ ಹೆಚ್ಚಾಗಿ ಪೆಟಿಗಿ ಇಕ್ಕಟ್ಟಾದ್ರ ಅವಕ್ಕ ಪಾಲಾಗೋ ವಿಚಾರ ಬರತೈತ್ರಿ. ಇದರಾಗ ಹೊಸಾ ರಾಣಿ ಬೆಳೀತಾಳ. ಗೂಡಿನ ಬಾಯಿ ಮುಚ್ಚಿತಂದ್ರ ತಡ ಇಲ್ಲ, ಹಳೇ ರಾಣಿ ಅರ್ಧಕ್ಕರ್ಧ ಮಂದೀನ ಕರಕೊಂಡು ಹಾರಿ ಹೋಗ್ತಾಳ."

ನನಗೆ ಅರ್ಥವಾಗಲಿಲ್ಲ. "ಹೋಗಾಕಿ ತಾಯೇನ್ರಿ? ಮಗಳಲ್ಲ?"

"ತಾಯೀನ. ಜೇನು ತುಂಬಿದ ಮನಿ ಮಗಳಿಗೆ ಬಿಟ್ಟು, ಬರಿಗೈಲೆ ಹೋಗ್ತಾಳ್ರಿ."

ಗೋಡೆಯ ಮೇಲಿಂದ ಚಾಚಿ ಕೂಗಿದಳು: "ಯಾ ಅಲ್ಲಾ! ಈ ಪದ್ಧತಿ ನಮ್ಮ ಮನ್ಯಾಗ ಇದ್ದಿದ್ರ ನಮ್ಮತ್ತಿ ಯಾವಾಗೋ ಹಾರಿ, ನಾ ಎಷ್ಟ ಸುಖದಾಗ ಇರ್ತಿದ್ದೆ!"

ಸಾಹೇಬರು ನಕ್ಕು ಮುಂದುವರಿಸಿದರು. ಪಾಲಾದರೆ ಉಳಿದ ಹುಳ ಸೊರಗುತ್ತದೆ, ಎರಡು ಸಲ ಹಾರಿದರೆ ಪೆಟ್ಟಿಗೆಯೇ ಖಾಲಿಯಾಗುತ್ತದೆ. ಹೂವಿನ ಕಾಲ ಮುಗಿಯುವ ತನಕ ವಾರಕ್ಕೊಮ್ಮೆ ತೆರೆದು ನೋಡಬೇಕು. ರಾಣಿ ಒಳಗಿದ್ದಾಳೆಂದು ಮೊದಲು ಖಾತ್ರಿ ಮಾಡಿಕೊಂಡು, ಆಮೇಲೆ ಇಂಥ ಗೂಡುಗಳನ್ನು ಒಂದೂ ಬಿಡದಂತೆ ಕತ್ತರಿಸಬೇಕು. ಹುಳಕ್ಕೆ ಜಾಗ ಸಾಲದಿದ್ದರೆ ಮೇಲೆ ಇನ್ನೊಂದು ಅಂತಸ್ತು ಇಡಬೇಕು. ಹೀಗೆ ಹೇಳಿ ಅಂತಸ್ತನ್ನೂ ಕೊಟ್ಟು ಹೋದವರು ಮತ್ತೆ ಬರಲಿಲ್ಲ. ದೂರದ ಜಿಲ್ಲೆಗೆ ವರ್ಗವಾಯಿತೆಂದು ಆಮೇಲೆ ತಿಳಿಯಿತು.

ಮೊದಲ ಗೂಡನ್ನು ನಾನೇ ಕತ್ತರಿಸಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಗಟ್ಟಿ ಹಾಲಿನಂಥ ರಸ, ಅದರಲ್ಲಿ ಮುತ್ತಿನ ಹಾಗೆ ಸುರುಳಿ ಸುತ್ತಿಕೊಂಡಿದ್ದ ಒಂದು ಬಿಳಿಯ ಜೀವ. ನನ್ನ ಅಂಗೈಯಲ್ಲಿ ಅದು ಸ್ವಲ್ಪ ಹೊತ್ತು ಅಲುಗಿತು. ಶಿವ ಶಿವಾ ಎಂದು ನುಗ್ಗೆ ಗಿಡದ ಬುಡದಲ್ಲಿ ಇಟ್ಟು, ಮೇಲೆ ಮಣ್ಣು ಎಳೆದೆ. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಆದರೆ ಮಾಡದಿದ್ದರೆ ಹಿತ್ತಲು ಮತ್ತೆ ಸುಮ್ಮನಾಗಿಬಿಡುತ್ತಿತ್ತು. ಮುಂದಿನ ವಾರವೂ ಮಾಡಿದೆ, ಅದರ ಮುಂದಿನ ವಾರವೂ. ತಪ್ಪಾಗಿದ್ದರೆ ನನ್ನ ಮೇಲೆ ಹಾಕು, ಹುಳಗಳ ಮೇಲೆ ಬೇಡ ಎಂದು ಪ್ರತಿಸಲ ಬೇಡಿಕೊಂಡೆ.

ನನ್ನ ತವರು ಕಳಸಾಪುರ. ಅಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ನಮ್ಮವ್ವ ಆ ನೇಮವನ್ನು ಅಡುಗೆಮನೆಗೂ ತಂದಿದ್ದಳು. ಎತ್ತಿಗೆ ಬಿಡುವಿದ್ದ ದಿನ ಈಳಿಗೆಗೂ ಬಿಡುವು. ಭಾನುವಾರ ಸಂಜೆ ಈಳಿಗೆ, ಚಾಕು ತೊಳೆದು ಗೋಡೆಯ ಮಾಡದಲ್ಲಿಟ್ಟರೆ ಮಂಗಳವಾರವೇ ತೆಗೆಯುವುದು. ಸೋಮವಾರ ಬೇಳೆ, ಕಾಳು, ಮೊಸರು. ಬೆಳೆಯುವ ಯಾವುದರ ಮೇಲೂ ಅಲಗು ಇಡುವಂತಿಲ್ಲ. ಶಿರಹಟ್ಟಿಗೆ ಬಂದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ. ನಮ್ಮ ಮನೆಯವರು ಸೋಮವಾರ ಪಲ್ಯ ಕೇಳಿದವರೂ ಅಲ್ಲ.

ನಾನು ಪೆಟ್ಟಿಗೆ ತೆರೆಯುತ್ತಿದ್ದದ್ದು ಶನಿವಾರ. ಆ ಸಲ ಶನಿವಾರ ಮೋಡ ಕವಿದು ಗಾಳಿ ಬಿಟ್ಟಿತ್ತು. ಭಾನುವಾರ ತವರಿನಿಂದ ಮಂದಿ ಬಂದರು. ಸೋಮವಾರ ಬಿಸಿಲು ಚೆನ್ನಾಗಿ ಬಿದ್ದದ್ದು ಕಂಡು, ನೋಡಿಯಾದರೂ ಬಿಡೋಣವೆಂದು ತೆರೆದೆ. ಎರಿಯ ಅಂಚಿನಲ್ಲಿ ರಾಣಿಗೂಡುಗಳು ಸಾಲಾಗಿ ಜೋತಿದ್ದವು. ಒಂದರ ಬಾಯಿ ಮುಚ್ಚಿತ್ತು. ಪಕ್ಕದ ಎರಿಯ ಮೇಲೆ ಹಳೆಯ ರಾಣಿ ತನ್ನ ಉದ್ದನೆಯ ಮೈ ಎಳೆದುಕೊಂಡು ನಡೆಯುತ್ತಿದ್ದಳು. ಅವಳನ್ನು ಕಣ್ಣಾರೆ ಕಂಡೆ. ಕೈ ಚಾಕು ಹುಡುಕಿತು. ಆದರೆ ಚಾಕು ಮಾಡದಲ್ಲಿತ್ತು. ಒಂದು ದಿನದ ಮಾತು, ನಾಳೆ ಮಾಡಿದರಾಯಿತು ಎಂದು ಮುಚ್ಚಳ ಮುಚ್ಚಿದೆ.

ಆ ಮಧ್ಯಾಹ್ನ ಮಠಕ್ಕೆ ಹೋದೆ. ಗದ್ದುಗೆಗೆ ನಮಸ್ಕರಿಸಿ, ನನ್ನ ಹುಳ ನನ್ನ ಹಿತ್ತಲಲ್ಲೇ ಇರಲಿ ತಂದೆ ಎಂದು ಕೇಳಿಕೊಂಡೆ. ಪ್ರಸಾದ ತೆಗೆದುಕೊಂಡು, ಬಿಸಿಲು ಇಳಿದ ಮೇಲೆ ಬಂದೆ. ಪೆಟ್ಟಿಗೆಯ ಬಾಗಿಲಲ್ಲಿ ಹುಳಗಳು ಹೋಗಿಬರುತ್ತಿದ್ದವು. ನಿಶ್ಚಿಂತೆಯಾಯಿತು.

ಮಂಗಳವಾರ ಚಾಕು ತೊಳೆದು, ವಿಭೂತಿ ಹಚ್ಚಿ, ಗೂಡುಗಳನ್ನು ಒಂದೂ ಬಿಡದಂತೆ ಕತ್ತರಿಸಿದೆ. ಹುಳ ಕಡಿಮೆ ಅನಿಸಿತು. ಕುಸುಬಿ ಹೊಲಕ್ಕೆ ಹೋಗಿರಬೇಕು ಅಂದುಕೊಂಡೆ. ನಿನ್ನೆಯೇ ರಾಣಿಯನ್ನು ನೋಡಿದ್ದೆನಲ್ಲ, ಮತ್ತೆ ಹುಡುಕುವ ಗೋಜಿಗೆ ಹೋಗಲಿಲ್ಲ.

ಮುಂದಿನ ಶನಿವಾರ ತೆರೆದರೆ ಮತ್ತೆ ರಾಣಿಗೂಡು! ಈ ಸಲ ಅಂಚಿನಲ್ಲಲ್ಲ, ಎರಿಯ ನಟ್ಟನಡುವೆ, ಅವಸರದಲ್ಲಿ ಮೆತ್ತಿದ ಹಾಗೆ. ಎಷ್ಟು ಹಟಮಾರಿಗಳು ಇವು, ಹೋಗುವುದೇ ಇವಕ್ಕೆ ಧ್ಯಾನ ಎಂದು ನನಗೆ ಸಿಟ್ಟು ಬಂತು. ಅವನ್ನೂ ಕೆರೆದು ತೆಗೆದೆ.

ಅದಾದ ಮೇಲೆ ಪೆಟ್ಟಿಗೆಯ ಸಪ್ಪಳ ಬೇರೆಯಾಯಿತು. ಮೊದಲಿನದು ಮದುವೆಮನೆಯ ಗದ್ದಲದಂತಿತ್ತು. ಈಗಿನದು ಎದ್ದು, ಇಳಿದು, ನಡುಗಿ, ಮತ್ತೆ ಏಳುತ್ತಿತ್ತು. ಹುಳಗಳು ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದವು. ಒಳಗೆ ಹೋಗುವುದು, ತಿರುಗಿ ಬರುವುದು, ಏನನ್ನೋ ಹುಡುಕುತ್ತಿರುವ ಹಾಗೆ. ನಾನು ಅಕ್ಕಿಯ ಮೊರ ಹಿಡಿದು ಅಲ್ಲಿ ಕೂರಲಾರದೆ ಒಳಗೆ ಬಂದುಬಿಡುತ್ತಿದ್ದೆ.

ಆ ವಾರ ಚಾಚಿ ಗೋಡೆಯ ಹತ್ತಿರ ಬಂದು, ತನ್ನ ಗಂಡನನ್ನೂ ಕರೆದಳು. ಹತ್ತಿಯ ಎಳೆಗಳು ಮೀಸೆಗೆ ಅಂಟಿಕೊಂಡಿದ್ದ ಮುದುಕ ಹೊರಗೆ ಬಂದ.

"ಹೇಳು ಈಕಿಗೆ. ನಿನ್ನಿ ನನಗ ಹೇಳಿದ್ದನ್ನ ಹೇಳು" ಎಂದಳು ಚಾಚಿ.

"ಏನಿಲ್ಲವ್ವ" ಎಂದ ಆತ. "ನೀ ಮಠಕ್ಕ ಹೋದ ಸೋಮವಾರ, ನಾ ಹತ್ತಿ ಹಿಂಜಾಕತ್ತಿದ್ದೆ. ಮ್ಯಾಲೆ ಕರೀ ಮೋಡದಂಗ ಒಂದು ಹಿಂಡು ಹಾದು ಹೋತು. ಆ ಕಡಿ ಹುಣಸೀ ಗಿಡದಾಗ ತುಸು ಹೊತ್ತು ಕುಂತು, ಗುಡ್ಡದ ಕಡೆ ಹೋತು."

"ಅವತ್ತ ಹೇಳಬಾರ್ದೇನು, ಮುದುಕಾ?" ಚಾಚಿ ಸಿಡಿದಳು. "ಪಕ್ಕದಾಗ ಪೆಟಿಗಿ ಐತಿ ಅನ್ನೂದು ಗೊತ್ತಿಲ್ಲೇನು?"

"ಅಡವಿ ಹುಳ ಅಂತ ಮಾಡಿದ್ದೆ. ನನ್ನ ಹತ್ತಿ ಮ್ಯಾಲೆ ಕುಂತಿದ್ರ ಹೇಳ್ತಿದ್ದೆ."

ನಾನು ಮಠದಲ್ಲಿ ಕೈಮುಗಿದು ನಿಂತಿದ್ದ ಹೊತ್ತಿಗೇ ತಾಯಿ ಅರ್ಧ ಮಂದಿಯನ್ನು ಕರೆದುಕೊಂಡು ಹೋಗಿದ್ದಳು. ಅವಳು ಬಿಟ್ಟುಹೋದ ಮಕ್ಕಳಿದ್ದ ಗೂಡುಗಳನ್ನೇ ನಾನು ಮಂಗಳವಾರ ಕತ್ತರಿಸಿದ್ದೆ. ಉಳಿದ ಹುಳಗಳು ಇದ್ದ ಸಣ್ಣ ಮರಿಗಳಲ್ಲೇ ಇನ್ನೊಬ್ಬ ರಾಣಿಯನ್ನು ಮಾಡಿಕೊಳ್ಳಲು ಎರಿಯ ನಡುವೆ ಗೂಡು ಕಟ್ಟಿದ್ದವು. ನಮಗೊಬ್ಬ ತಾಯಿ ಬೇಕು ಎಂದು ಅವು ಕೇಳಿದರೆ, ನಾನು ಹಟವೆಂದು ತಿಳಿದು ಅದನ್ನೂ ಕೆರೆದು ಹಾಕಿದ್ದೆ. ಓಡಿಹೋಗಿ ಪೆಟ್ಟಿಗೆ ತೆರೆದು ಎರಿಗಳನ್ನು ಬಿಸಿಲಿಗೆ ಹಿಡಿದೆ. ಮುಚ್ಚಿದ ಮರಿಗಳು ಒಂದಿಷ್ಟು ಇದ್ದವು. ರಾಣಿ ಮಾಡಿಕೊಳ್ಳಲು ಬೇಕಾದ ತತ್ತಿಯಾಗಲಿ ಎಳೆ ಮರಿಯಾಗಲಿ ಇರುವ ಒಂದು ಕೋಣೆಯೂ ಇರಲಿಲ್ಲ. ಇನ್ನು ಅವು ಮಾಡಿಕೊಳ್ಳಬೇಕೆಂದರೂ ರಾಣಿ ಆಗುವಂತಿರಲಿಲ್ಲ. ಇರುವ ಹುಳ ಮುದಿಯಾಗಿ, ಒಂದೊಂದಾಗಿ ಉದುರಿ ಮುಗಿದುಹೋಗುವುದಷ್ಟೇ ಬಾಕಿ.

ಮರುದಿನ ಬೆಳಿಗ್ಗೆ ನಮ್ಮ ಮನೆಯವರಿಗೆ ಬಡಿಸುತ್ತ, ಹೇಳಬಾರದೆಂದುಕೊಂಡಿದ್ದವಳು ಹೇಳಿಬಿಟ್ಟೆ. ಎಲ್ಲವನ್ನೂ, ಮೊದಲಿಂದ ಕೊನೆಯವರೆಗೆ. ಎಷ್ಟು ವರ್ಷದ ಮೇಲೆ ಅವರ ಮುಂದೆ ಅಷ್ಟು ಮಾತಾಡಿದ್ದೆನೋ! ಅವರು ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದರು. ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡರು.

"ಡಂಬಳದಾಗ ಕೆರಿ ಕಡೆ ಒಬ್ಬ ಅಜ್ಜನ ಮನ್ಯಾಗ ಇಂಥಾವ ಪೆಟಿಗಿ ಅದಾವು" ಎಂದರು. "ಕೇಳಿ ನೋಡ್ತೀನಿ."

ಅಷ್ಟೇ. ಮಲಗಲು ಹೋದರು.

ಆ ಸಂಜೆ ನಾನು ಶಿವನಿಗೆ ಹೇಳಲು ಒಳ್ಳೆಯದೇನೂ ಸಿಗದೆ, ಕೇಳಿ ನೋಡ್ತೀನಿ ಎಂದರು ಎಂಬ ಆ ಮಾತನ್ನೇ ಹೇಳಿದೆ.

ಬೆಳಿಗ್ಗೆ ಅವರು ಚಪ್ಪಲಿ ಬಿಡುತ್ತಲೇ ಮಾತು ತೆಗೆದರು. ಹಾಗೆ ಅವರು ತಾವಾಗಿ ಮಾತು ತೆಗೆದದ್ದು ನನಗೆ ಹೊಸದು. "ಅಜ್ಜ ಭಾಳ ಬೈದ. ನಿನಗಲ್ಲ, ಸೋಮವಾರಕ್ಕ ಬೈದ" ಎಂದರು. ಅವರ ತುಟಿಯಂಚಿನಲ್ಲಿ ನಗು ಇತ್ತು. "ಇನ್ನೂ ತಡಾ ಮಾಡಿದ್ರ ತಾಯಿ ಇಲ್ಲದ ಹುಳಗೋಳ ತಾವ ತತ್ತಿ ಇಡಾಕ ಹತ್ತತಾವಂತ. ಅದರಾಗ ಬರೇ ಗಂಡು ಹುಟ್ಟತಾವಂತ. ಆಮ್ಯಾಲ ಯಾವ ರಾಣಿ ಕೊಟ್ರೂ ಒಳಗ ಬಿಡಂಗಿಲ್ಲಂತ. ಅಜ್ಜನ ಪೆಟಿಗ್ಯಾಗ ರಾಣಿಗೂಡು ಅದಾವು. ಹಣ್ಣಾದ್ದು ನೋಡಿ ಒಂದು ಕೊಡ್ತಾನಂತ."

"ತರೂದು ಹೆಂಗ್ರಿ?"

"ತಲಿಕೆಳಗ ಮಾಡಬಾರ್ದು, ಥಂಡಿ ಹತ್ತಬಾರ್ದು, ಜರ್ಕು ಹೊಡೀಬಾರ್ದು ಅಂದಾನ." ಸ್ವಲ್ಪ ತಡೆದು, "ನಮ್ಮ ಗಾಡ್ಯಾಗ!" ಎಂದರು.

ಮುಂಡರಗಿಯಿಂದ ಶಿರಹಟ್ಟಿಯ ರಸ್ತೆ ಆಗ ಹೇಗಿತ್ತೆಂದರೆ, ಬಸಿರಿ ಹೆಂಗಸರನ್ನು ಆ ಬಸ್ಸಿನಲ್ಲಿ ಕೂರಿಸುತ್ತಿರಲಿಲ್ಲ. ನಾವಿಬ್ಬರೂ ಒಂದೇ ಕ್ಷಣಕ್ಕೆ ಅದನ್ನು ನೆನೆದೆವೋ ಏನೋ, ಅವರು ಟವೆಲು ಹುಡುಕಿದರು, ನಾನು ಒಲೆಯ ಕಡೆ ತಿರುಗಿದೆ.

ಅವರು ಹೊರಡುವ ಮೊದಲು ಚಾಚಿಯ ಗಂಡ ಒಂದು ಹಿಡಿ ಹೊಸದಾಗಿ ಹಿಂಜಿದ ಹತ್ತಿ ತಂದುಕೊಟ್ಟ. ನಾನು ಖಾಲಿ ಕಡ್ಡಿಪೆಟ್ಟಿಗೆಯೊಂದರಲ್ಲಿ ಅದನ್ನು ಹಾಸಿ ಕೊಟ್ಟೆ. ನಮ್ಮ ಮನೆಯವರು ಅದನ್ನು ಅಂಗಿಯ ಕಿಸೆಯಲ್ಲಿ ನೆಟ್ಟಗೆ ನಿಲ್ಲಿಸಿ, ಗುಂಡಿ ಹಾಕಿ, ಮೇಲೆ ಒಮ್ಮೆ ಕೈಯಾಡಿಸಿ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಅವರು ಬಂದಾಗ ಎಡಗೈ ಎದೆಯ ಮೇಲಿತ್ತು. ನೇರವಾಗಿ ಹಿತ್ತಲಿಗೆ ನಡೆದರು. ನಾನು ಕಡ್ಡಿಪೆಟ್ಟಿಗೆ ತೆರೆದೆ. ಎರಿಯ ಸಣ್ಣ ತುಣುಕಿನ ಸಮೇತ ಕತ್ತರಿಸಿದ ಒಂದು ಗೂಡು, ಹತ್ತಿಯ ನಡುವೆ. ತುದಿಯ ಮೇಣವನ್ನು ಹುಳಗಳು ಕೆರೆದಿದ್ದರಿಂದ ಅಲ್ಲಿ ಕಂದು ಬಣ್ಣ ಕಾಣುತ್ತಿತ್ತು. ಹಣ್ಣಾದದ್ದರ ಗುರುತು ಅದೇ ಎಂದು ಅಜ್ಜ ಹೇಳಿ ಕಳಿಸಿದ್ದ. ಮುಟ್ಟಿದರೆ ಇನ್ನೂ ಅವರ ಎದೆಯ ಬಿಸಿ ಇತ್ತು. ಒಂದು ಜಾಲಿಮುಳ್ಳಿನಿಂದ ಅದನ್ನು ನಡುವಿನ ಎರಿಗೆ ಚುಚ್ಚಿ ನಿಲ್ಲಿಸಿದೆ. ಹುಳಗಳು ಬಂದು ಮುಸುರಿದವು. ಕಚ್ಚಿ ಹರಿಯುತ್ತವೋ ಏನೋ ಎಂದು ಬಾಗಿ ನೋಡಿದೆ. ಹರಿಯಲಿಲ್ಲ. ಸುತ್ತ ದಟ್ಟವಾಗಿ ಕೂತು ಅದನ್ನು ಮುಚ್ಚಿಕೊಂಡವು.

ಹಾದಿಯಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ. ಹೇಳಿದ್ದು, ನಡುಹಗಲಿಗೆ ನೀರು ಕುಡಿಯಲು ಬಂದ ಡ್ರೈವರ್.

"ವೈನಿ, ಇವತ್ತ ನಿಮ್ಮ ಯಜಮಾನ್ರು ನನ್ನ ಜೀವಾ ತಿಂದ್ರು. ಹಾದಿತುಂಬ ಸಾವಕಾಶ ಸಾವಕಾಶ ಅಂತ ಒಂದ ಸವನ. ಸೀಟಿನ್ಯಾಗ ಕುಂಡರ್ರಿ ಅಂದ್ರ ಒಲ್ಲೆ ಅಂತ ಕಂಬಾ ಹಿಡಕೊಂಡು ನಿಂತು ಬಂದಾರ. ಮಂದಿ ಮೈಮ್ಯಾಲ ಬಿದ್ದಾರಂತ ಬಾಗಿಲದ ಹಂತ್ಯಾಕ ಒಬ್ಬರನ್ನೂ ನಿಲ್ಲಗೊಡಲಿಲ್ಲ. ಮುಂಡರಗಿ ಮುದುಕಿ ಒಬ್ಬಾಕಿ, ಯಪ್ಪಾ ಎದಿ ನೋವೇನೋ, ದವಾಖಾನಿಗೆ ಹೋಗೋ ಅಂತ ಅಳಾಕ ಹತ್ತಿಬಿಟ್ಲು!"

ನಾನು ನೀರಿನ ಜೊತೆಗೆ ಒಂದು ತುಂಡು ಬೆಲ್ಲ ಕೊಟ್ಟೆ. ಒಳಗೆ ಅವರು ಮಲಗಿದ್ದರು. ಕಂಬ ಹಿಡಿದು ಬಂದ ಬಲಗೈ ನಿದ್ದೆಯಲ್ಲೂ ಮುಷ್ಟಿ ಕಟ್ಟಿಕೊಂಡಿತ್ತು.

ಕೆಲವು ದಿನ ಬಿಟ್ಟು ತೆರೆದಾಗ ಗೂಡಿನ ತುದಿ ದುಂಡಗೆ ಕತ್ತರಿಸಿ, ಮುಚ್ಚಳ ಒಂದು ಅಂಚಿಗೆ ಜೋತಿತ್ತು. ಒಳಗೆ ಖಾಲಿ. ಹುಟ್ಟಿ ಹೊರಬಂದಿದ್ದಳು. ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಹೊಸ ರಾಣಿ ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಹಾರಿ, ಗಂಡುಗಳನ್ನು ಕೂಡಿ, ತಿರುಗಿ ಬಂದರೆ ಮಾತ್ರ ತತ್ತಿ ಇಡುವುದು. ಹಾರಿದಾಗ ಹಕ್ಕಿಯ ಬಾಯಿಗೆ ಸಿಕ್ಕರೆ ಎಲ್ಲ ಮುಗಿದಂತೆ. ನಮ್ಮ ಹಿತ್ತಲ ಮೇಲೆ ಹಾಯುವ ವಿದ್ಯುತ್ ತಂತಿಯ ಮೇಲೆ ಹಸಿರು ಕಳ್ಳಿಪೀರಗಳು ಸಾಲುಗಟ್ಟಿ ಕೂತು, ಹಾರುವ ಹುಳಗಳನ್ನು ಹಿಡಿದು ತಂತಿಗೆ ಬಡಿದು ನುಂಗುತ್ತಿದ್ದವು.

ಅವರ ವಾರದ ರಜೆ ಬಂತು. ರಜೆಯ ದಿನ ಉಂಡು ಪೇಟೆಗೆ ಹೋಗಿ ಕಟ್ಟೆಯ ಮೇಲೆ ಕೂರುವುದು ಅವರ ವಾಡಿಕೆ. ಆ ದಿನ ಹೋಗಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಂದು ಕೂತರು. ನಾನು ಹೊಸ್ತಿಲ ಮೇಲೆ ಕೂತೆ. ಹಕ್ಕಿ ಬಂದು ಕೂತಾಗಲೆಲ್ಲ ಟವೆಲು ಬೀಸಿದರು. ಹಕ್ಕಿಗಳು ಅದಕ್ಕೆ ಹೆದರಲಿಲ್ಲ. ಕೊನೆಗೆ ಕಿಸೆಯಿಂದ ಕಂಡಕ್ಟರ್ ಸೀಟಿ ತೆಗೆದು ಜೋರಾಗಿ ಊದಿದರು. ಕಳ್ಳಿಪೀರಗಳೆಲ್ಲ ಭರ್ರೆಂದು ಎದ್ದವು.

ಗೋಡೆಯಾಚೆ ಚಾಚಿಯ ದನಿ: "ಏನ ಬೇಟಿ, ಹಿತ್ತಲದಾಗ ಗಾಡಿ ಬಂತೇನು? ಲಕ್ಷ್ಮೇಶ್ವರಕ್ಕ ಎರಡು ಟಿಕೀಟು ಕೊಡಾಕ ಹೇಳು!"

"ಗಾಡಿ ಫುಲ್ ಆಗೇತಿ ಚಾಚಿ, ಮುಂದಿನ ಗಾಡಿಗೆ ಬಾ" ಎಂದರು ನಮ್ಮ ಮನೆಯವರು.

ಅವರು ಹಾಗೆ ಚಾಷ್ಟಿ ಮಾಡಬಲ್ಲರೆಂಬುದನ್ನು ನಾನು ಮರೆತಿದ್ದೆ. ಬಿಸಿಲು ಗೋಡೆ ದಾಟುವ ತನಕ ಕೂತಿದ್ದೆವು. ರಾಣಿ ಹಾರಿದ್ದು, ಬಂದದ್ದು ಇಬ್ಬರಿಗೂ ಕಾಣಲಿಲ್ಲ. ಒಂದು ಹೊತ್ತಿನಲ್ಲಿ ಅವರು ನೆಲ ನೋಡುತ್ತ, "ನೀ ಇಲ್ಲಿ ದಿನಾ ಹಿಂಗ ಒಬ್ಬಾಕೀನ ಕುಂಡ್ರತೀ?" ಎಂದು ಕೇಳಿದರು.

"ಹೂಂನ್ರಿ."

ಅವರು ಸೀಟಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. ಅವರು ಇನ್ನೂ ಏನಾದರೂ ಕೇಳಲಿ ಎಂದು ನಾನು ಕಾದೆ. ಚಹಾದ ಹೊತ್ತಾಯಿತು, ಎದ್ದು ಒಳಗೆ ಹೋದೆ. ಮರುದಿನದಿಂದ ಮತ್ತೆ ವಸ್ತಿ ಗಾಡಿ.

ಪೆಟ್ಟಿಗೆಯೊಳಗೆ ಏನಾಗಿದೆಯೋ ಎಂದು ಜೀವ ಹಾರುತ್ತಿತ್ತು. ಬೇಗ ತೆರೆದರೆ ಹೊಸ ರಾಣಿ ಬೆದರುತ್ತಾಳೆಂದು ಡಂಬಳದ ಅಜ್ಜ ಹೇಳಿ ಕಳಿಸಿದ್ದ. ಕಿವಿಯನ್ನು ಹಲಗೆಗೆ ಹಚ್ಚಿ ಕೇಳುತ್ತಿದ್ದೆ. ಸಪ್ಪಳ ಸಣ್ಣದಾಗಿತ್ತು. ಆದರೆ ನಡುಗುತ್ತಿರಲಿಲ್ಲ.

ಕೊನೆಗೆ ಒಂದು ದಿನ, ಅವರು ಡ್ಯೂಟಿಗೆ ಹೊರಟುಹೋದ ಮೇಲೆ, ತಡೆಯಲಾರದೆ ತೆರೆದೆ. ನಡುವಿನ ಎರಿಯನ್ನು ಇಳಿಬಿಸಿಲಿಗೆ ಓರೆಯಾಗಿ ಹಿಡಿದೆ. ಕೋಣೆ ಕೋಣೆಯ ತಳದಲ್ಲಿ, ನಟ್ಟನಡುವೆ, ಒಂದೊಂದೇ ಬಿಳಿಯ ತತ್ತಿ ನೆಟ್ಟಗೆ ನಿಂತಿತ್ತು. ಎರಡಿಲ್ಲ, ಮೂರಿಲ್ಲ; ತಾಯಿ ಇಲ್ಲದ ಹುಳಗಳು ತಾವೇ ಇಟ್ಟಿದ್ದರೆ ಒಂದೇ ಕೋಣೆಯಲ್ಲಿ ಗುಂಪಾಗಿರುತ್ತಿದ್ದವು. ತಾಯಿ ಇಟ್ಟದ್ದೇ ಹೌದು. ಮುಚ್ಚಳ ಹೇಗೆ ಮುಚ್ಚಿದೆನೋ ನೆನಪಿಲ್ಲ. ಚಾಚಿಯನ್ನು ಕರೆದರೆ ಅವರ ಮನೆಗೆ ಬೀಗ, ಲಕ್ಷ್ಮೇಶ್ವರದ ಮದುವೆಗೆ ಹೋಗಿದ್ದರು. ಹೇಳಲು ಯಾರೂ ಇಲ್ಲ. ದೀಪ ಹಚ್ಚುವ ಹೊತ್ತಿನ್ನೂ ಆಗಿರಲಿಲ್ಲ. ಸೆರಗು ಹೊದ್ದು ಬಸ್‍ಸ್ಟ್ಯಾಂಡಿನ ಕಡೆ ಹೊರಟೆ. ನಡೆದೆನೋ ಓಡಿದೆನೋ.

ನಾನು ಅವರ ಬಸ್ಸಿನ ಹತ್ತಿರ ಹೋದವಳೇ ಅಲ್ಲ. ಗಾಡಿ ಶುರುವಾಗಿ ನಿಂತಿತ್ತು, ತುಂಬ ಮಂದಿ. ಅವರು ಬಾಗಿಲಲ್ಲಿ ನಿಂತು "ಹಿಂದ ಸರೀರಿ, ಹಿಂದ ಸರೀರಿ" ಎನ್ನುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಇಳಿದುಹೋಯಿತು.

"ಏನಾತು?"

ಏದುಸಿರಿನಲ್ಲಿ ನನಗೆ ಸಣ್ಣಗೆ ಹೇಳಲು ಬರಲಿಲ್ಲ. "ತತ್ತಿ ಇಟ್ಟಾಳ್ರೀ!" ಎಂದುಬಿಟ್ಟೆ.

ಕಿಟಕಿಯಲ್ಲಿ ಕೂತಿದ್ದ ರುಮಾಲಿನ ಮುದುಕ ಹೊರಗೆ ಬಾಗಿದ. "ಯಾರ್ರಿ ಅದು? ಕೋಳಿಯೇನು?"

"ಲಿಂಗ ಕಟ್ಟಿದವರ ಮನ್ಯಾಗ ಕೋಳಿ ಎಲ್ಲಿಂದ ಬರ್ತಾವೋ ಮಾರಾಯಾ" ಎಂದ ಹಿಂದಿನವನು. ಬಸ್ಸಿನ ತುಂಬ ನಗು ಎದ್ದಿತು.

ನಾನು ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ನಮ್ಮ ಮನೆಯವರು ನಗಲಿಲ್ಲ. ಮೆಟ್ಟಿಲಿಂದ ಒಂದು ಕಾಲು ಕೆಳಗಿಟ್ಟರು. "ಭಾಳ ಅದಾವೇನು?" ಎಂದು, ಮಂದಿಗೆ ಕೇಳದಂತೆ ಕೇಳಿದರು.

"ನಡುವಿನ ಎರಿ ತುಂಬ."

ಡ್ರೈವರ್ ಹಾರ್ನ್ ಹೊಡೆದ. ಅವರು ಮೇಲೆ ಹತ್ತಿದರು, ಸೀಟಿಯನ್ನು ಬಾಯಿಗಿಟ್ಟು, ಊದದೆ ಮತ್ತೆ ತೆಗೆದರು.

"ನಾಳಿಗೆ ಮುಂಜಾನಿ ನಾ ಬಂದಿಂದ ತೆರಿ. ನನಗೂ ತೋರಸು" ಎಂದರು.

ಆಮೇಲೆ ಸೀಟಿ ಊದಿದರು. ಗಾಡಿ ಮುಂಡರಗಿಯ ದಾರಿಗೆ ಹೊರಳಿತು. ಧೂಳು ಕೂರುವ ತನಕ ನಿಂತಿದ್ದು, ಮನೆಗೆ ಬಂದು ದೀಪಕ್ಕೆ ಎಣ್ಣೆ ಹಾಕಿದೆ. ಒಳಗೆ ಎಂದಿನ ಹಾಗೆ ಯಾರೂ ಇರಲಿಲ್ಲ. ನಾಳಿನ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತ ಕೂತೆ.